ಮೈಗೂ ಬೇಕು ಅಕ್ಕಡಿ ಸಾಲು

‘ದಿನವೆಲ್ಲ ಮಣ್ಣಿನಲ್ಲಿ ದುಡಿಯುವವನಿಗೆ ವ್ಯಾಯಾಮ ಬೇರೆ ಬೇಕೆ?’ ಎಂದು ನೀವು ಕೇಳಬಹುದು. ಉತ್ತರಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕೈ ಊರದೆ ಏಳಿ. ವಯಸ್ಸಾದವರು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಲಿ. ಸಲೀಸಾಗಿ ಎದ್ದಿರಾದರೆ ಸಂತೋಷ. ಗೋಡೆ ಹಿಡಿದು ಏಳಬೇಕಾಯಿತೇ? ಹಾಗಾದರೆ ಮುಂದೆ ಓದಿ.

ಗೇಣಗಲದ ಸಾಲಿನಂತೆ ಒಂದು ಎಕರೆ ಉಳಲು ಎತ್ತಿನ ಹಿಂದೆ ಸುಮಾರು 18 ಕಿಲೋಮೀಟರ್ ನಡೆಯಬೇಕು. ಲೆಕ್ಕ ಹಾಕಿ ನೋಡಿ. ಈಗ ಆ ನಡಿಗೆಯನ್ನು ಟ್ರ್ಯಾಕ್ಟರ್ ನಡೆಯುತ್ತದೆ, ನಾವು ಮೇಲೆ ಕೂರುತ್ತೇವೆ. ಹೊಲಕ್ಕೆ ಹೋಗಲು ಬೈಕು, ನೀರಿಗೆ ನಲ್ಲಿ, ರುಬ್ಬಲು ಯಂತ್ರ. ಕಷ್ಟ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಆ ಕಷ್ಟದ ಜೊತೆಗೆ ಮೈಗೆ ಸಿಗುತ್ತಿದ್ದ ಸಾಧನೆಯೂ ಹೋಯಿತು. ಉಳಿದ ಕೆಲಸವೂ ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಮೈಮುರಿಯುವಷ್ಟು, ಬೇಸಿಗೆಯಲ್ಲಿ ಏನೂ ಇಲ್ಲ.

ಎರಡು ಬಗೆಯ ಬಲ

ರಾಗಿಯ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತೇವೆ. ರಾಗಿ ಕೊಡುವುದನ್ನು ಅವರೆ ಕೊಡದು. ಅವರೆ ಕೊಡುವುದನ್ನು ರಾಗಿ ಕೊಡದು. ಮೈಯ ವಿಷಯವೂ ಹಾಗೆಯೇ. ಬಿರುಸಿನ ನಡಿಗೆ, ಸೈಕಲ್, ಈಜು ಇವು ಹೃದಯಕ್ಕೂ ಶ್ವಾಸಕೋಶಕ್ಕೂ ದಮ್ಮು ಕೊಡುತ್ತವೆ, ರಕ್ತದೊತ್ತಡ ತಗ್ಗಿಸುತ್ತವೆ. ಭಾರ ಎತ್ತುವುದು, ದಂಡ, ಬಸ್ಕಿ ಇವು ಸ್ನಾಯು ಬೆಳೆಸಿ ಮೂಳೆ ಗಟ್ಟಿ ಮಾಡುತ್ತವೆ. ಊಟದಿಂದ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುವೇ ಆದ್ದರಿಂದ ಸಕ್ಕರೆ ಕಾಯಿಲೆಯ ಹತೋಟಿಗೆ ಎರಡೂ ನೆರವಾಗುತ್ತವೆ.

ವಯಸ್ಸಾದಂತೆ ಸ್ನಾಯು ತಾನಾಗಿ ಕರಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ, ನಿನ್ನೆಯವರೆಗೆ ಓಡಾಡುತ್ತಿದ್ದ ಹಿರಿಯರು ಹಾಸಿಗೆ ಹಿಡಿಯುತ್ತಾರೆ. ನಡಿಗೆಯೊಂದರಿಂದಲೇ ಇದನ್ನು ತಡೆಯಲಾಗದು. ಕಾಲಿಗೆ ಕಸುವೂ ಬೇಕು.

ವಯಸ್ಸು ಮೀರಿತೆಂಬ ಚಿಂತೆ ಬೇಡ. ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧಾಶ್ರಮವಾಸಿಗಳಾದ, 90ರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿನಿಂದ ಭಾರ ಎತ್ತುವ ಸಾಧನೆ ಮಾಡಿಸಿದರು. 1990ರಲ್ಲಿ ಪ್ರಕಟವಾದ ವರದಿಯಂತೆ ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು.

ಎಷ್ಟು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಇದು: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಶ್ರಮ, ಕನಿಷ್ಠ 2 ದಿನ ಸ್ನಾಯು ಬಲದ ಸಾಧನೆ, 65 ದಾಟಿದವರಿಗೆ 3 ದಿನ ಮೈ ತೂಗಿ ನಿಲ್ಲುವ ಅಭ್ಯಾಸವೂ ಸೇರಿರಬೇಕು. ಹೊಲದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸುಗ್ಗಿಯಲ್ಲಿ ಕಡಿಮೆ ಮಾಡಿ, ಬಿಡುವಿನಲ್ಲಿ ತಪ್ಪಿಸಬೇಡಿ.

ವಾರದಲ್ಲಿ 5 ದಿನ 30 ನಿಮಿಷ ನಡೆಯಿರಿ. ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ.

2 ದಿನ ಬಲದ ಸಾಧನೆ ಮಾಡಿ. ಗರಡಿ ಮನೆಯಿಲ್ಲದಿದ್ದರೂ ಮನೆಯ ಜಗಲಿ ಸಾಕು. ಜಗಲಿಯ ಮೇಲೆ ಕುಳಿತು ಕೈ ಊರದೆ ಏಳುವುದು. ಗೋಡೆಗೆ ಕೈಕೊಟ್ಟು ದಂಡ. 5 ಕಿಲೋ ಕಾಳು ತುಂಬಿದ ಚೀಲವನ್ನು ನೆಲದಿಂದ ಸೊಂಟಕ್ಕೆ ಎತ್ತುವುದು. ಎರಡು ಕೈಯಲ್ಲಿ ಸಮಭಾರ ಹಿಡಿದು ಅಂಗಳ ಸುತ್ತುವುದು. ಮೊದಲ ಮೂರನ್ನು 8ರಿಂದ 12 ಸಲದಂತೆ ಎರಡು ಸುತ್ತು ಮಾಡಿ. 12 ಸಲ ಸುಲಭವಾದಾಗ ಭಾರ ಸ್ವಲ್ಪ ಹೆಚ್ಚಿಸಿ. ಹಿರಿಯರು ಗೋಡೆಯ ಪಕ್ಕದಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವುದನ್ನೂ ಸೇರಿಸಿಕೊಳ್ಳಲಿ.

ಎರಡನ್ನೂ ಅತಿಯಾಗಿ ಮಾಡಿದರೆ ಬಲ ಅಷ್ಟಾಗಿ ಏರದು ಎಂದು ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲೇ ತೋರಿಸಿದರು. ನಮ್ಮ ಹದಕ್ಕೆ ಆ ಭಯವಿಲ್ಲ. ಒಂದೇ ದಿನ ಎರಡನ್ನೂ ಮಾಡುವುದಾದರೆ ಮೊದಲು ಭಾರ, ಆಮೇಲೆ ನಡಿಗೆ.

ಎಚ್ಚರಿಕೆ

ಎದೆನೋವು, ಹೆಚ್ಚಿದ ರಕ್ತದೊತ್ತಡ ಅಥವಾ ಹರ್ನಿಯಾ ಇದ್ದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. ಭಾರ ಎತ್ತುವಾಗ ಮಂಡಿ ಮಡಿಸಿ, ಚೀಲವನ್ನು ಮೈಗೆ ಹತ್ತಿರ ಹಿಡಿಯಿರಿ, ಉಸಿರು ಕಟ್ಟಬೇಡಿ. ಊಟದಲ್ಲಿ ಹುರುಳಿ, ಹೆಸರು, ಹಾಲು, ಮೊಟ್ಟೆ ಯಾವುದಾದರೂ ದಿನವೂ ಇರಲಿ.

ಇಂದು ಸಂಜೆಯೇ ಒಂದು ಚೀಲಕ್ಕೆ ಕಾಳು ತುಂಬಿ ಜಗಲಿಯ ಮೂಲೆಯಲ್ಲಿಡಿ. ಮನೆಯೊಡತಿಗೂ ಹಿರಿಯರಿಗೂ ಒಂದೊಂದು ಇರಲಿ. ಮೂರು ತಿಂಗಳ ನಂತರ ಮತ್ತೆ ಅದೇ ಚಾಪೆಯ ಮೇಲೆ ಕುಳಿತು ಎದ್ದು ನೋಡಿ.