ನಿಮಗಿದು ಗೊತ್ತೆ? ಪಕ್ಕೆಲುಬಿನಲ್ಲಿ ಸಿಕ್ಕ ಕಲ್ಲಿನ ಮೊನೆ

1908ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಫಾಲ್ಸಮ್ ಊರಿಗೆ ಭಾರೀ ನೆರೆ ಬಂತು. ನೀರು ಕೊರೆದ ಹಳ್ಳದ ದಡದಲ್ಲಿ ದನಗಾಹಿ ಜಾರ್ಜ್ ಮೆಕ್‌ಜಂಕಿನ್‌ಗೆ ದೊಡ್ಡ ಎಲುಬುಗಳು ಕಂಡವು. ಗುಲಾಮನಾಗಿ ಹುಟ್ಟಿ, ಛಲದಿಂದ ಓದು ಕಲಿತಿದ್ದ ಆತ, ಇವು ಮಾಮೂಲಿ ಪ್ರಾಣಿಯವಲ್ಲ ಎಂದು ಅರಿತ.

ಅಲ್ಲಿ ಉತ್ಖನನ ಶುರುವಾಗುವ ಮೊದಲೇ, 1922ರಲ್ಲಿ, ಆತ ತೀರಿಕೊಂಡದ್ದು ನೋವಿನ ಸಂಗತಿ.

1927ರಲ್ಲಿ ಆ ಉತ್ಖನನದಲ್ಲಿ, ಎಂದೋ ಅಳಿದುಹೋದ ಬೈಸನ್ ಜಾತಿಯೊಂದರ ಪಕ್ಕೆಲುಬುಗಳ ನಡುವೆಯೇ ಕಲ್ಲಿನ ಮೊನೆ ಸಿಕ್ಕಿತು. 10,000 ವರ್ಷಗಳಿಗೂ ಹಿಂದೆಯೇ ಅಲ್ಲಿ ಬೇಟೆಗಾರರಿದ್ದರು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಬಾಣದ ಮೊನೆಯಂತೆ ಕಂಡರೂ ಅದು ಈಟಿಯ ಮೊನೆ. ಬಿಲ್ಲು ಅಲ್ಲಿಗೆ ಬಂದದ್ದು ಬಹುಕಾಲದ ನಂತರ. ಮೊನೆಯ ಬುಡದಿಂದ ತುದಿಯತ್ತ ಉದ್ದನೆಯ ಚಕ್ಕೆ ಎಬ್ಬಿಸಿ, ಎರಡೂ ಮೈಯಲ್ಲಿ ತೋಡು ತೆಗೆಯುತ್ತಿದ್ದ ಆ ಬೇಟೆಗಾರರ ಕೈಚಳಕ ಅಸಾಧಾರಣ. ಸ್ವಲ್ಪ ತಪ್ಪಿದರೂ ಮೊನೆಯೇ ಮುರಿಯುತ್ತಿತ್ತು.