ಆಮೆ ಕಾಯುವ ಊರು ಟೋರ್ಟುಗೇರೊ

ಕೋಸ್ಟರಿಕಾದ ಟೋರ್ಟುಗೇರೊಗೆ ರಸ್ತೆಯೇ ಇಲ್ಲ. ರಾಜಧಾನಿ ಸಾನ್ ಹೋಸೆಯಿಂದ ಬಸ್ಸಿನಲ್ಲಿ ಹೊರಟವರು ಕಾರಿಯಾರಿ ಪಟ್ಟಣ ದಾಟಿ, ಲಾ ಪವೋನಾ ಎಂಬ ಕಡವಿನಲ್ಲಿ ದೋಣಿ ಹತ್ತಬೇಕು. ನದಿಯ ತಿರುವುಗಳನ್ನು ಸುತ್ತಿ ದೋಣಿ ಊರು ಮುಟ್ಟುತ್ತದೆ. ಒಂದು ಬದಿಗೆ ಕೆರಿಬಿಯನ್ ಕಡಲು, ಇನ್ನೊಂದು ಬದಿಗೆ ಹಿನ್ನೀರು. ನಡುವಿನ ಕಿರಿದಾದ ಮರಳ ಪಟ್ಟಿಯ ಮೇಲೆ ಸಾವಿರ ಚಿಲ್ಲರೆ ಜನರ ವಾಸ. ಕಾರುಗಳಿಲ್ಲ, ಓಡಾಟವೆಲ್ಲ ಕಾಲುದಾರಿಯಲ್ಲಿ. ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನೆಲದ ತೇವ ಆಗುಂಬೆಯವರಿಗೆ ಹೊಸದೆನಿಸಲಾರದು.

ಊರಿನ ಪಕ್ಕದ ಕಡಲತೀರ ಸುಮಾರು 35 ಕಿ.ಮೀ. ಉದ್ದವಿದೆ. ಅಟ್ಲಾಂಟಿಕ್ ಸಾಗರದ ಹಸಿರು ಆಮೆಗಳು ಮೊಟ್ಟೆಯಿಡಲು ಬರುವ ಜಾಗಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಒಂದು ಕಾಲಕ್ಕೆ ಇದೇ ಮರಳು ಬೇಟೆಯ ಬಯಲಾಗಿತ್ತು. ತೀರವನ್ನು ಮೈಲಿಗಳಾಗಿ ಪಾಲು ಮಾಡಿಕೊಂಡ ‘ವೆಲಾದೋರ್’ಗಳು ರಾತ್ರಿಯಿಡೀ ಕಾದು, ಮೇಲೇರಿ ಬಂದ ಆಮೆಗಳನ್ನು ಅಂಗಾತ ಮಗುಚುತ್ತಿದ್ದರು. ಬೆನ್ನಿನ ಮೇಲೆ ಬಿದ್ದ ಆಮೆ ಮತ್ತೆ ಮಗ್ಗುಲಾಗಲಾರದು. ಹಡಗು ಬರುವವರೆಗೆ ಬಿಸಿಲಲ್ಲಿ ಹಾಗೇ ಬಿದ್ದಿರಬೇಕು. ಎದೆಚಿಪ್ಪಿಗೆ ಅಂಟಿದ ಮೆದುಮೂಳೆಗೆ ಪರದೇಶಗಳ ಸೂಪ್ ತಯಾರಕರಿಂದ ಬೇಡಿಕೆಯಿತ್ತು. ಅದಷ್ಟನ್ನೇ ಕತ್ತರಿಸಿಕೊಂಡು ಉಳಿದ ದೇಹವನ್ನು ಮರಳಲ್ಲೇ ಬಿಟ್ಟುಹೋದದ್ದೂ ಉಂಟು.

1950ರ ದಶಕದಲ್ಲಿ ಇಲ್ಲಿಗೆ ಬಂದವರು ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಆರ್ಚಿ ಕಾರ್. ಮೊಟ್ಟೆಯಿಟ್ಟು ಮರಳುವ ಆಮೆಗಳ ರೆಕ್ಕೆಗಾಲಿಗೆ ಅವರು ಲೋಹದ ಬಿಲ್ಲೆ ಕಟ್ಟತೊಡಗಿದರು. ಬಿಲ್ಲೆಯ ಮೇಲೆ ವಿಳಾಸ, ಕಳಿಸಿಕೊಟ್ಟವರಿಗೆ ಬಹುಮಾನ ಎಂಬ ಮಾತು. ದೂರದ ತೀರಗಳ ಮೀನುಗಾರರಿಂದ, ಅದರಲ್ಲೂ ನಿಕರಾಗುವಾದ ಮಿಸ್ಕಿಟೊ ಕರಾವಳಿಯಿಂದ, ಬಿಲ್ಲೆಗಳು ಅಂಚೆಯಲ್ಲಿ ಬರತೊಡಗಿದವು. ಆಮೆಗಳು ಮೇಯುವುದು ಎಲ್ಲಿ, ಮೊಟ್ಟೆಯಿಡುವುದು ಎಲ್ಲಿ ಎಂಬ ನಕ್ಷೆ ಹೀಗೆ ಒಂದೊಂದೇ ಕಾಗದದಿಂದ ಮೂಡಿತು. ಕಾರ್ ಅವರ ಪುಸ್ತಕ ಓದಿ ಮನಕರಗಿದವರು ಕೂಡಿ 1959ರಲ್ಲಿ ಕಟ್ಟಿದ ಸಂಸ್ಥೆ ಇಂದು ‘ಸೀ ಟರ್ಟಲ್ ಕನ್ಸರ್ವೆನ್ಸಿ’ ಎಂಬ ಹೆಸರಿನಲ್ಲಿ ಅದೇ ತೀರದಲ್ಲಿ ಕೆಲಸ ಮುಂದುವರಿಸಿದೆ.

1975ರಲ್ಲಿ ಕೋಸ್ಟರಿಕಾ ಇಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪಿಸಿತು. ಕಾನೂನು ಬಂದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಟೋರ್ಟುಗೇರೊ ಬದಲಾದದ್ದು ಆಮೆಯನ್ನು ತೋರಿಸುವುದರಿಂದಲೂ ಸಂಪಾದನೆ ಹುಟ್ಟಿದಾಗ. ಇಂದು ಪರವಾನಗಿ ಪಡೆದ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ರಾತ್ರಿ ಯಾರೂ ತೀರಕ್ಕೆ ಹೋಗುವಂತಿಲ್ಲ. ಒಬ್ಬರ ಹಿಂದೆ ಹತ್ತೇ ಜನ. ಗಾಢ ಬಣ್ಣದ ಬಟ್ಟೆ ತೊಡಬೇಕು. ಕ್ಯಾಮೆರಾ, ಮೊಬೈಲ್ ನಿಷಿದ್ಧ. ಗುಂಪು ತೀರದ ಹಿಂದಿನ ಕಾಲುದಾರಿಯಲ್ಲಿ ಕಾಯುತ್ತದೆ. ಆಮೆ ಹೊಂಡ ತೋಡಿ ಮೊಟ್ಟೆಯಿಡಲು ತೊಡಗಿತೆಂದು ಕಾವಲಿನವರು ಸುದ್ದಿ ಕೊಟ್ಟ ಮೇಲಷ್ಟೇ ಮುಂದಿನ ಹೆಜ್ಜೆ. ಆ ಹಂತದಲ್ಲಿ ಅದು ಬೆದರಿ ಹಿಂದಿರುಗುವುದಿಲ್ಲ. ಕೆಂಪು ಬೆಳಕಿನಲ್ಲಿ ನೂರರ ಆಸುಪಾಸು ಮೊಟ್ಟೆಗಳು ಒಂದೊಂದಾಗಿ ಉದುರುವುದನ್ನು ಕಂಡವರು ಪಿಸುಮಾತನ್ನೂ ಮರೆಯುತ್ತಾರೆ. ಹೊಂಡ ಮುಚ್ಚಿ, ಮೇಲೆ ಮರಳೆರಚಿ ಗುರುತು ಅಳಿಸಿ, ನೂರು ಕಿಲೋ ಮೀರಿದ ಆ ಜೀವ ಏದುಸಿರು ಬಿಡುತ್ತ ನೀರಿಗಿಳಿಯುತ್ತದೆ.

ಮನುಷ್ಯರಿಗೆ ನಿಷೇಧವಾದ ಬೇಟೆ ಜಾಗ್ವಾರ್‌ಗಳಿಗೆ ಮುಕ್ತವಾಗಿದೆ. ಕಾಡಿನಿಂದ ಇಳಿದುಬಂದು ಆಮೆಗಳನ್ನು ಕೊಲ್ಲುವ ಈ ದೊಡ್ಡ ಬೆಕ್ಕುಗಳನ್ನು ಉದ್ಯಾನದವರು ತಡೆಯುವುದಿಲ್ಲ, ಅದು ಸರಿಯೂ ಹೌದು.

ನಮ್ಮ ಕಾರವಾರ, ಹೊನ್ನಾವರ, ಕುಂದಾಪುರದ ತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳ ಗೂಡುಗಳನ್ನು ಕಾಯಲು ಅರಣ್ಯ ಇಲಾಖೆಯ ಜೊತೆ ಮೀನುಗಾರರೂ ನಿಲ್ಲುತ್ತಾರೆ. ಕಡಲನ್ನೇ ನಂಬಿದವರ ನೆರವಿಲ್ಲದೆ ಆಮೆ ಉಳಿಯದೆಂಬುದನ್ನು ಟೋರ್ಟುಗೇರೊ ಅರ್ಧ ಶತಮಾನದಿಂದ ತೋರಿಸುತ್ತ ಬಂದಿದೆ.

ಹಸಿರು ಆಮೆ ನೋಡಲು ಜುಲೈಯಿಂದ ಅಕ್ಟೋಬರ್ ಸೂಕ್ತ. ಉಳಿದ ತಿಂಗಳುಗಳಲ್ಲಿ ಬಂದವರಿಗೆ ಬೆಳಗಿನ ಜಾವದ ದೋಣಿಯಾನವಿದೆ: ಕೂಗುಕೋತಿ, ಸ್ಲಾತ್, ನೀರಂಚಿನ ಕೇಮನ್ ಮೊಸಳೆ. ಮಧ್ಯಾಹ್ನದ ಊಟಕ್ಕೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಬೀನ್ಸ್ ಕಾಳು. ಆಮೆಗಳ ಮಾತಿಗೆ ಮರಳಿದರೆ, 1971ರಿಂದ ಮೂರು ದಶಕ ಏರುತ್ತಲೇ ಇದ್ದ ಹಸಿರು ಆಮೆಗಳ ಗೂಡುಗಳ ಲೆಕ್ಕ ಈಚೆಗೆ ಇಳಿಮುಖವಾಗಿದೆ. ಇದೇ ಮರಳಿಗೆ ಬರುವ ದೈತ್ಯ ಲೆದರ್‌ಬ್ಯಾಕ್ ಆಮೆಗಳೂ ವಿರಳವಾಗುತ್ತಿವೆ. ಅವುಗಳ ಗೂಡು ಎಣಿಸುವವರ ರಾತ್ರಿ ನಡಿಗೆ ಮಾರ್ಚಿನಲ್ಲೇ ಶುರುವಾಗುತ್ತದೆ.