ಆಟಿಯ ಊಟಕ್ಕೆ ಬಂದ ತುಳು

ಹೊರಗೆ ಜಡಿಮಳೆ. ಮುಂಬಯಿ ಬಳಿಯ ಡೊಂಬಿವಲಿಯ ಸಭಾಗೃಹದೊಳಗೆ ಪತ್ರೊಡೆಯ ಹಬೆ, ತಿಮರೆ (ಒಂದೆಲಗ) ಚಟ್ನಿಯ ಕಂಪು. ಬಾಗಿಲಲ್ಲಿ ನಿಂತ ಹಿರಿಯರು ‘ಬಲೆ, ಕುಲ್ಲುಲೆ’ ಎಂದು ತುಳುವಿನಲ್ಲಿ ಎಲ್ಲರನ್ನೂ ಕರೆದು ಕೂರಿಸುತ್ತಾರೆ. ಮೊಮ್ಮಕ್ಕಳಿಗೆ ಅದು ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ.

ಜುಲೈ ನಡುವಿನಲ್ಲಿ ಕಾಲಿಡುವ ಆಟಿ, ತುಳುನಾಡಿಗೆ ಕಷ್ಟದ ತಿಂಗಳಾಗಿತ್ತು. ಕಣಜ ಬರಿದಾಗಿ, ಕೆಸುವಿನೆಲೆ, ಸೊಪ್ಪು ಸದೆಗಳಲ್ಲೇ ದಿನ ದೂಡಬೇಕಿತ್ತು. ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆದು, ಕಷಾಯ ಮಾಡಿ ಕುಡಿಯುವುದು ರೂಢಿ. ಆ ಕಹಿಯ ನೆನಪನ್ನೇ ಥಾಣೆ, ಡೊಂಬಿವಲಿ, ನವಿಮುಂಬಯಿಯ ತುಳುವರ ಸಂಘಗಳು ‘ಆಟಿಡೊಂಜಿ ದಿನ’ ಎಂಬ ಹಬ್ಬ ಮಾಡಿಕೊಂಡಿವೆ.

ಹೋಟೆಲು, ಕ್ಯಾಂಟೀನುಗಳ ದುಡಿಮೆಗೆಂದು ಮುಂಬಯಿಗೆ ಬಂದವರ ಮಕ್ಕಳು ಮನೆ ಹುಡುಕುತ್ತಾ ಈ ಉಪನಗರಗಳಿಗೆ ಸರಿದರು. 1998ರಲ್ಲಿ ಮಂಗಳೂರಿಗೆ ಮತ್ಸ್ಯಗಂಧಾ ರೈಲು ಶುರುವಾದ ಮೇಲೆ ಊರು ಹತ್ತಿರವಾಯಿತು. ಭಾಷೆ ಮಾತ್ರ ದೂರ ಸರಿಯಿತು. ಸೋದರಮಾವನಿಗೇ ಮೀಸಲಾದ ‘ತಮ್ಮಲೆ’ ಈಗ ಬರೀ ‘ಅಂಕಲ್’. ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಯಲ್ಲಿ ಆತನಿಗಿದ್ದ ಯಜಮಾನಿಕೆಯ ನೆನಪೂ ಆ ಪದದ ಜೊತೆಗೇ ಮರೆಗೆ ಸರಿಯಿತು. ಪದಗಳಷ್ಟೇ ಅಲ್ಲ, ಮಾತಿನ ಬಿಗಿಯೂ ಕೈತಪ್ಪುತ್ತಿದೆ. ಕನ್ನಡದಲ್ಲಿ ‘ಬಂದು ಇದ್ದಾನೆ’ ಎರಡು ಕೂಡಿ ‘ಬಂದಿದ್ದಾನೆ’ ಆಗಬೇಕು. ತುಳುವಿಗೆ ಎರಡಕ್ಷರದ ‘ಬೈದೆ’ ಸಾಕು. ಇಂಥ ಬಿಗಿ ಪುಸ್ತಕ ಓದಿ ಬರುವಂಥದ್ದಲ್ಲ, ಕಿವಿಗೆ ಬಿದ್ದೇ ಬರಬೇಕು.

ಹಾಗೆಂದು ಪುಸ್ತಕಗಳಿಗೆ ಬರವಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರೊಳಗೆ ಆರು ಸಂಪುಟಗಳ ತುಳು ನಿಘಂಟು ಹೊರತಂದಿತು. 2016ರಲ್ಲಿ ತುಳು ವಿಕಿಪೀಡಿಯ ಬಂತು. 2024ರಲ್ಲಿ ತುಳು-ತಿಗಳಾರಿ ಲಿಪಿಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿತು. 2011ರ ಜನಗಣತಿಯಲ್ಲಿ ತುಳು ತಾಯ್ನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. ಆದರೂ ಯುನೆಸ್ಕೋದ ಭಾಷಾ ನಕಾಶೆಯಲ್ಲಿ ಅಪಾಯದ ಮೊದಲ ಮೆಟ್ಟಿಲ ಮೇಲೆ ತುಳು ನಿಂತಿದೆ.

ಮುಂದಿನ ಮೆಟ್ಟಿಲುಗಳು ಹೇಗಿರುತ್ತವೆಂದು ಅಮೆರಿಕದ ಓಕ್ಲಹೋಮಾದ ಚಿಕಸಾ ಜನ ಬಲ್ಲರು. ಚಿಕಸಾ ಬಿಟ್ಟು ಬೇರೆ ಭಾಷೆಯನ್ನೇ ಆಡದ ಕೊನೆಯ ಜೀವ, ಎಮಿಲಿ ಜಾನ್ಸನ್ ಡಿಕರ್ಸನ್, 2013ರ ಡಿಸೆಂಬರ್ 30ರಂದು ತೀರಿಕೊಂಡರು. ಅಲ್ಲೂ ನಿಘಂಟಿದೆ, ಆ್ಯಪ್ ಇದೆ. ಆದರೆ ಅವರು ನೆಚ್ಚಿದ ದಾರಿಗಳಲ್ಲೊಂದು ತೀರಾ ಸರಳ: ಒಬ್ಬ ಹಿರಿಯರು, ಒಬ್ಬ ಕಲಿಯುವವರು ಜೊತೆಗೆ ಕೂತು ಗಂಟೆಗಟ್ಟಲೆ ಇಂಗ್ಲಿಷಿಗೆ ಹೊರಳದೆ ಮಾತಾಡುವುದು.

ಅದಕ್ಕೆ ಬೇಕಾದ ಗುರುಗಳು ಡೊಂಬಿವಲಿಯ ಅಡುಗೆಮನೆಗಳಲ್ಲಿ ಇನ್ನೂ ಇದ್ದಾರೆ. ‘ಆಟಿಡೊಂಜಿ ದಿನ’ ಎಂದರೆ ಆಟಿಯಲ್ಲೊಂದು ದಿನ; ಉಳಿದ ದಿನಗಳು ಅವರ ಪಾಲಿನವು. ಅಜ್ಜಿ ‘ಒಣಸ್ ಆಂಡಾ?’ (ಊಟ ಆಯಿತಾ?) ಎಂದು ಕೇಳಲಿ, ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳದೆ ಸುಮ್ಮನೆ ಕಾಯಲಿ. ಮೊಮ್ಮಗು ‘ಆಂಡ್’ ಎನ್ನುವವರೆಗೆ.